ಬೂರುಗ ಬಿಟ್ಟ ಮರಕುಟಿಗರು

ಮರಕುಟಿಗರ ಮೇಳ ಬೂರುಗದ ಮರ ಬಿಟ್ಟು ಹುಣಸೆ ಮರವನ್ನು ಕುಟ್ಟಲು ತೊಡಗಿದ ದಿನದಿಂದ ಅಳಿಲಕ್ಕನಿಗೆ ಸಮಾಧಾನವೇ ಇರಲಿಲ್ಲ. ಬೂರುಗದ ಮೆತ್ತನೆಯ ತಾಳ ಕೇಳಿಸುತ್ತಲೇ ಅವಳು ಮಕ್ಕಳನ್ನು ಮಲಗಿಸಿ ಬೆಳೆಸಿದವಳು. ಈಗಿನದು ಬರೀ ಬಡಿತ, ಕೇಳಿದರೆ ಹಲ್ಲು ಜುಮ್ಮೆನ್ನುತ್ತಿತ್ತು.

"ಈಗ ನೋಡು, ತಾಳಕ್ಕೆ ಕಸುವು ಬಂದದ್ದು! ಮೊದಲಿನದು ತೊಟ್ಟಿಲು ತೂಗುವವರಿಗೆ ಸರಿ," ಎಂದ ಗಿಳಿರಾಯ.

"ಸದ್ದು ಜೋರಾದ ಮಾತ್ರಕ್ಕೆ ಸಂಗೀತವಾಗುತ್ತದೆಯೇ?" ಎಂದು ಅಳಿಲಕ್ಕ ಬಾಲ ಕೊಡವಿದಳು.

ಮಾತಿಗೆ ಮಾತು ಬೆಳೆಯಿತು. ಓತಿಕ್ಯಾತಗಳು ಅಳಿಲಕ್ಕನ ಕಡೆ, ಗೊರವಂಕಗಳು ಗಿಳಿರಾಯನ ಕಡೆ ಸೇರಿ ಇಡೀ ತೋಪೇ ಎರಡು ಪಾಲಾಯಿತು. ಕೊನೆಗೆ ಇಬ್ಬರೂ ಮೇಳದ ಹಿರಿಯ ಮರಕುಟಿಗನ ಬಳಿಗೆ ಹೋದರು.

"ಅಣ್ಣಾ, ನಮ್ಮನ್ನು ಕೈಬಿಟ್ಟಿರಲ್ಲ! ಬೂರುಗಕ್ಕೆ ವಾಪಸ್ ಬಂದುಬಿಡಿ," ಎಂದಳು ಅಳಿಲಕ್ಕ.

"ಅಲ್ಲಿ ಹುಳುವೆಲ್ಲ ಮುಗಿಯಿತಕ್ಕಾ. ಖಾಲಿ ಮರ ಕುಟ್ಟಿದರೆ ನಮ್ಮ ಹೊಟ್ಟೆ ತುಂಬುವುದಿಲ್ಲ," ಎಂದ ಮರಕುಟಿಗ. "ಅದಿರಲಿ, ನೀನೀಗ ಎಲ್ಲಿ ಮಲಗುತ್ತೀಯ?"

"ಬೂರುಗದಲ್ಲೇ, ನೀವು ಕೊರೆದ ಪೊಟರೆಯಲ್ಲಿ."

"ಬರುವಾಗ ಅದನ್ನೇನು ನಾವು ಹೊತ್ತುಕೊಂಡು ಬಂದೆವೇ?"

ಅಳಿಲಕ್ಕ ಬೂರುಗದ ಕಡೆ ತಿರುಗಿ ನೋಡಿದಳು. ಗಿಳಿರಾಯ ರೆಕ್ಕೆ ಬಡಿದು ನಕ್ಕ. "ಹಾಗೆ ಹೇಳಿ! ನೀವು ಮಾತ್ರ ಈ ಹುಣಸೆಯನ್ನು ಎಂದೂ ಬಿಡಕೂಡದು."

ಮರಕುಟಿಗ ಅವನನ್ನೊಮ್ಮೆ ನೋಡಿ ಅಳಿಲಕ್ಕನ ಕಡೆ ತಿರುಗಿದ.

"ಅಕ್ಕಾ, ನಿನ್ನ ಪಕ್ಕದಲ್ಲಿ ಇವನಿಗೂ ಸ್ವಲ್ಪ ಜಾಗ ಇಟ್ಟಿರು. ನಾವು ಹುಣಸೆ ಬಿಟ್ಟ ದಿನ ಅಳುತ್ತಾ ಬರುತ್ತಾನೆ."