ಸುಣಗಾರ ಫಕೀರವ್ವನ ಅರ್ಧ ನಿಂಬೆ

ಈಗಿನ ದಾರಿಗಳು ಇನ್ನೂ ದನಗಳ ಕಾಲಡಿಯಲ್ಲೇ ಇದ್ದ ಕಾಲಕ್ಕೆ, ಸುಣ್ಣದ ಕಲ್ಲಿನ ಗುಡ್ಡದ ಬುಡದಲ್ಲಿ ಒಂದೂರಿತ್ತು. ಆ ಊರಿನಲ್ಲಿ ಫಕೀರವ್ವ ಅಂತ ಒಬ್ಬಳಿದ್ದಳು. ಸುಣಗಾರರ ಹೆಣ್ಣು. ಅಂದರೆ ಗುಡ್ಡದ ಕಲ್ಲು ಒಡೆದು, ಭಟ್ಟಿಯಲ್ಲಿ ಸುಟ್ಟು, ಸುಣ್ಣ ಮಾಡಿ ಮಾರುವ ಮನೆಯವಳು. ನಾನು ಚಿಕ್ಕವಳಿದ್ದಾಗ ಕೇಳಿದ ಕತೆಯಲ್ಲಿ ಅವಳು ಬಾಗಿಲೆತ್ತರ ಇದ್ದಳು. ಈಚೆಗೆ ಆ ಕಡೆ ಹೋದಾಗ ಕೇಳಿದರೆ ಬೇವಿನ ಮರದೆತ್ತರ ಆಗಿದ್ದಾಳೆ. ಸತ್ತ ಮೇಲೂ ಬೆಳೆಯುವವರು ಕೆಲವರಿರುತ್ತಾರೆ.

ಅವಳು ಸುಟ್ಟ ಕಲ್ಲಿಗೆ ನೀರು ಚಿಮುಕಿಸಿದರೆ ಒಲೆಯಿಲ್ಲದೆ ಕಲ್ಲು ಕುದಿಯುತ್ತಿತ್ತು ಅಂತಾರೆ. ಅದೇನು ಸುಳ್ಳಲ್ಲ. ಯಾವ ಸುಣಗಾರ ಚಿಮುಕಿಸಿದರೂ ಕುದಿಯುತ್ತದೆ. ಆದರೆ ಕತೆ ಹೇಳುವವರಿಗೆ ಫಕೀರವ್ವನ ಕೈಯೇ ಬೇಕು.

ಊರಿಗೆಲ್ಲ ಅವಳ ಮನೆಯದೇ ಸುಣ್ಣ. ಗೋಡೆಗೆ ಅದೇ, ಗಂಡಸರ ಎಲೆಯಡಿಕೆಗೆ ಅದೇ, ಹೆಂಗಸರ ಓಕುಳಿಗೂ ಅದೇ. ಮದುಮಗಳಿಗೆ, ಬಾಣಂತಿಗೆ ದೃಷ್ಟಿ ತೆಗೆಯಲು ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿ ಕೆಂಪಗೆ ಮಾಡಿ ಆರತಿ ಎತ್ತುತ್ತಾರಲ್ಲ, ಆ ಓಕುಳಿ. ಅದನ್ನು ಮಾಡಲು ಬಾರದ ಹೆಂಗಸು ಆ ಊರಲ್ಲಿರಲಿಲ್ಲ. ಸುಣಗಾರರಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ದಿನವಿಡೀ ಮುಟ್ಟಿದ ಸುಣ್ಣ ಬರೀ ನೀರಿಗೆ ಕೈ ಬಿಡುವುದಿಲ್ಲ, ಚರ್ಮ ಬಿರಿಯುತ್ತದೆ, ಬಿರುಕಿನಲ್ಲಿ ಸುಣ್ಣ ಕೂರುತ್ತದೆ. ಅದಕ್ಕೇ ಸಂಜೆ ಕೆಲಸ ಮುಗಿದರೆ ಅವರು ಹುಳಿ ಮಜ್ಜಿಗೆಯಲ್ಲಿ ಕೈ ತಿಕ್ಕಿ ತೊಳೆಯುತ್ತಿದ್ದರು. ಹುಳಿ ಬಿದ್ದರೆ ಸುಣ್ಣದ ಹಟ ಇಳಿಯುತ್ತದೆ ಎನ್ನುತ್ತಿದ್ದರು.

ಇನ್ನು ಆ ಊರಿನ ನ್ಯಾಯದ ಕತೆ ಕೇಳಿ. ಕಳವಾದರೆ ಗುಡ್ಡದವ್ವನ ಗುಡಿಯ ಕಟ್ಟೆಯ ಮೇಲೆ ಕಂಚಿನ ಬಟ್ಟಲಿಡುತ್ತಿದ್ದರು. ಬಟ್ಟಲ ತುಂಬ ಅರಿಶಿನದ ನೀರು. ಅನುಮಾನ ಬಂದವನು ಅದರಲ್ಲಿ ಕೈ ಅದ್ದಬೇಕು. ನೀರು ಹಳದಿಯಾಗೇ ಉಳಿದರೆ ಅವನು ಸಾಚಾ. ಕೆಂಪಾದರೆ ಕಳ್ಳ. ಹೆಸರು ಬಂದ ಗಳಿಗೆಯಿಂದ ಅವನು ಅನ್ನ ಮುಟ್ಟುವಂತಿಲ್ಲ, ಹಾಲು ಮಜ್ಜಿಗೆ ಮುಟ್ಟುವಂತಿಲ್ಲ. ಬರೀ ನೀರಲ್ಲಿ ಮಿಂದು ಬರಬೇಕು. ಹೆಂಗಸರು ಆ ಕಟ್ಟೆ ಹತ್ತುವ ಹಾಗಿರಲಿಲ್ಲ, ಗೋಡೆಯಾಚೆ ನಿಂತು ಕೇಳಿಸಿಕೊಳ್ಳಬೇಕು.

ಆ ಬಟ್ಟಲು ಒಮ್ಮೆಯೂ ತಪ್ಪಿರಲಿಲ್ಲ ಅಂತಾರೆ. ಸುಣಗಾರರನ್ನು ಹಿಡಿದಿತ್ತು. ಚೌಳು ಮಣ್ಣಲ್ಲಿ ಬಟ್ಟೆ ಒಗೆಯುವ ಅಗಸರನ್ನು ಹಿಡಿದಿತ್ತು. ಗೌಡರ ಮನೆಯವರನ್ನು ಹಿಡಿದಿರಲಿಲ್ಲ, ಅವರ ಮುಂದೆ ಯಾರೂ ಅದನ್ನು ಇಟ್ಟಿರಲಿಲ್ಲವಲ್ಲ. ಫಕೀರವ್ವನ ಅಪ್ಪ ಸಂಗಪ್ಪನನ್ನೂ ಅದು ಒಂದು ಕಾಲಕ್ಕೆ ಹಿಡಿದಿತ್ತು. ಯಾರದೋ ಕಡಗ ಹೋಗಿತ್ತಂತೆ. ಆ ಕಡಗವನ್ನು ಸಂಗಪ್ಪ ಕಣ್ಣಲ್ಲೂ ಕಂಡಿರಲಿಲ್ಲ. ಆದರೂ ನೀರು ಕೆಂಪಾದದ್ದನ್ನು ಕಂಡವನು, ನಾನೇ ಕದ್ದಿರಬೇಕು, ಎಲ್ಲಿಟ್ಟೆನೋ ನೆನಪಾಗಲೊಲ್ಲದು ಅಂತ ಹುಡುಕುತ್ತ ಹುಡುಕುತ್ತಲೇ ಪ್ರಾಣ ಬಿಟ್ಟ. ಊರವರು ಅವನನ್ನು ಊರ ಗೋರಿಗಳ ಸಾಲಿನಲ್ಲಿ ಹೂಳಲು ಬಿಡದೆ ಹಳ್ಳದಾಚೆ ಹೂಳಿಸಿದರು.

ಹೀಗಿರಲಾಗಿ ಒಂದು ಬೆಳಗ್ಗೆ ಪೂಜಾರಿ ನಿಂಗಯ್ಯ ಗುಡಿಯಿಂದ ಕೂಗುತ್ತ ಬಂದ. ಗುಡ್ಡದವ್ವನ ಬೆಳ್ಳಿಯ ಕಣ್ಣುಗಳು ಎರಡೂ ಇರಲಿಲ್ಲ. ಹಿಂದಿನ ದಿನ ಗುಡಿಯ ಗೋಡೆಗೆ ಸುಣ್ಣ ಬಳಿದವನು ಫಕೀರವ್ವನ ತಮ್ಮ ಯಮನಪ್ಪ. ಇನ್ನೇನು ಬೇಕು? ಭಟ್ಟಿಯ ಹತ್ತಿರದಿಂದಲೇ ಅವನನ್ನು ಎಳೆದುಕೊಂಡು ಹೋದರು. ಮೀಯಿಸಿದರು. ಬಟ್ಟಲಿಟ್ಟರು. ಯಮನಪ್ಪ ಕೈ ಅದ್ದಿದ, ಬೆರಳ ಸಂದಿಯಿಂದ ಕೆಂಪು ಹೊಗೆಯ ಹಾಗೆ ಎದ್ದು ನೀರೆಲ್ಲ ತುಂಬಿಕೊಂಡಿತು.

ಊರ ಗೌಡ ರುದ್ರಗೌಡ ತೀರ್ಪು ಹೇಳಿದ. ಹೊತ್ತು ಮುಳುಗುವುದರೊಳಗೆ ಸುಣಗಾರರ ಭಟ್ಟಿಗೆ ನೀರು ಹೊಯ್ಯಬೇಕು, ಆ ಮನೆಯವರು ಗಡಿ ದಾಟಬೇಕು, ತಿರುಗಿ ಬರಬಾರದು. ಯಮನಪ್ಪ ಏನೆಂದ ಗೊತ್ತೇ? ತನ್ನ ಕೈಯನ್ನೇ ನೋಡುತ್ತ, ನಾನೇ ತೆಗೆದಿದ್ದೇನು, ಎಲ್ಲಿಟ್ಟೆ ಅಂದ. ಥೇಟು ಅಪ್ಪನ ಮಾತು.

ಗೋಡೆಯಾಚೆಯಿಂದ ಆ ಮಾತು ಕೇಳಿದ ಫಕೀರವ್ವ ಗೋಡೆ ಹಾರಿದಳು ಅಂತಾರೆ. ಗೋಡೆ ಒಡೆದೇ ಬಂದಳು ಅನ್ನುವವರೂ ಇದ್ದಾರೆ. ಬಾಗಿಲು ತೆರೆದೇ ಇತ್ತು ಅನ್ನುವುದು ನನ್ನ ಲೆಕ್ಕ. ಅಂತೂ ಕಟ್ಟೆ ಹತ್ತಿ ನಿಂತಳು.

“ಏ, ಇಳೀ ಕೆಳಗ! ಇದು ಹೆಣ್ಮಕ್ಕಳು ನಿಲ್ಲೋ ಜಾಗಲ್ಲ” ಅಂತ ನಿಂಗಯ್ಯ ಗದರಿದ.

“ಒಳಗ ಕುಂತಾಕಿ ಯಾರೋ ನಿಂಗಯ್ಯ, ಗಂಡಸೇನು?” ಅಂದಳು ಫಕೀರವ್ವ.

ಆಮೇಲೆ ಗೌಡನ ಕಡೆ ತಿರುಗಿ ತಣ್ಣಗೆ ಕೇಳಿದಳು. “ಗೌಡ್ರ, ದೇವಿಗೆ ಕಣ್ಣು ಎಷ್ಟು?”

“ಎರಡು.”

“ಹೋಗಿದ್ದೂ ಎರಡು. ಕಳ್ಳ ಒಬ್ಬನ ಹೆಂಗಾದಾನು? ಇನ್ನೊಬ್ಬ ಇದ್ದಾನ. ಬ್ಯಾರೆ ಬಟ್ಟಲ ಇಡಿಸ್ರಿ. ನಿನ್ನೆ ಗುಡಿಗೆ ಬಂದವರೆಲ್ಲ ಕೈ ಅದ್ದಲಿ.”

ಜನ ತಲೆದೂಗಿದರು. ಮಾತು ಸರಿಯಾಗಿಯೇ ಇತ್ತು, ಅಥವಾ ಸರಿಯಾಗಿರುವ ಹಾಗೆ ಕೇಳಿಸಿತು. ನಾನು ಎಷ್ಟೋ ಊರಿನ ಪಂಚಾಯ್ತಿ ನೋಡಿದ್ದೇನೆ, ಅಲ್ಲಿ ಇವೆರಡಕ್ಕೆ ಅಂಥ ವ್ಯತ್ಯಾಸವಿಲ್ಲ. ನಿಂಗಯ್ಯ ಹೊಸ ನೀರು ತುಂಬಿದ, ಅರಿಶಿನ ಕಲಸಿದ. ಹಿಂದಿನ ದಿನ ಗೌಡನೂ ಪೂಜೆಗೆ ಬಂದಿದ್ದ. ಹಿರಿಯರು ಮೊದಲು ಅಂದಳು ಫಕೀರವ್ವ. ಗೌಡನಿಗೆ ಮಿಂದು ಬಾ ಅನ್ನುವವರು ಯಾರಿದ್ದರು? ಗೌಡ ಆಗಷ್ಟೆ ಎಲೆಯ ಬೆನ್ನಿಗೆ ಹೆಬ್ಬೆರಳಲ್ಲಿ ಸುಣ್ಣ ಸವರಿ, ಮಡಚಿ ಬಾಯಿಗಿಟ್ಟುಕೊಂಡಿದ್ದ. ದೇವಿಗೆ ನಾನು ಅಂಜುವುದೇನು ಅಂತ ನಕ್ಕು, ಮೀಸೆ ತಿರುವಿ, ಕೈ ಅದ್ದಿದ.

ಕೆಂಪಾಯಿತು.

ಗೌಡನ ಬಾಯಲ್ಲಿದ್ದ ಎಲೆ ಅಲ್ಲೇ ನಿಂತಿತು ಅಂತಾರೆ. ಹತ್ತಿರದಲ್ಲಿದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು ಅಂತಾರೆ. ನಿಂಗಯ್ಯ ತನ್ನ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡ. ಅವನೂ ಎಲೆ ಹಾಕುವವನೇ.

ಫಕೀರವ್ವ ಅವಸರ ಮಾಡಲಿಲ್ಲ. ದೇವಿಯ ತ್ರಿಶೂಲಕ್ಕೆ ಚುಚ್ಚಿದ್ದ ನಿಂಬೆಹಣ್ಣು ಕಿತ್ತಳು, ಎರಡು ಹೋಳು ಮಾಡಿದಳು, ಒಂದು ಹೋಳನ್ನು ಬಟ್ಟಲಿಗೆ ಹಿಂಡಿದಳು. ಕೆಂಪು ಹಿಂದಕ್ಕೆ ಹೋಯಿತು. ನೀರು ಹಳದಿ. ಏನೂ ಆಗಿಲ್ಲವೆಂಬಂತೆ ಹಳದಿ.

“ದೇವಿ ಕ್ಷಮಿಸಿದಳು ಗೌಡ್ರ. ಅರ್ಧ ನಿಂಬಿಹಣ್ಣಿಗೆ ಮುಗೀತು.”

ಆಗ ಗೋಡೆಯಾಚೆ ಒಂದು ನಗು ಕೇಳಿಸಿತು. ಅದು ತೆರೆದ ಬಾಗಿಲಿಂದ ಇಣುಕಿ ನೋಡುತ್ತಿದ್ದ ಗೌಡನ ತಾಯಿ ತಾರವ್ವನದು. “ಅಯ್ಯ ನನ್ನ ಶಿವನ! ನಿನ್ನ ಬಾಣಂತಿ ಹೆಂಡ್ತಿಗೆ ನಾನು ದಿನಾ ಎತ್ತೋ ಓಕುಳಿ ಅಲ್ಲೇನೋ ರುದ್ರ ಅದು! ಅರಿಶಿಣಕ್ಕ ಸುಣ್ಣ ಬಿದ್ದರ ಇನ್ನೇನು ಹಸಿರಾಗತೈತೇನು?” ಅಂದಳು ಮುದುಕಿ. ಅವಳ ಹಿಂದೆ ಇನ್ನೊಬ್ಬಳು ನಕ್ಕಳು, ಮತ್ತೊಬ್ಬಳು ನಕ್ಕಳು. ದಿನ ಬೆಳಗಾದರೆ ಕೈಯಾರ ಆ ಕೆಂಪು ಮಾಡುವ ಹೆಂಗಸರೇ, ಗುಡಿಯಲ್ಲಿ ನೀರು ಕೆಂಪಾಯಿತಂತೆ ಅಂತ ಕೇಳಿದಾಗೆಲ್ಲ ಕೆನ್ನೆ ಬಡಿದುಕೊಂಡಿದ್ದರು. ಅವತ್ತಿನವರೆಗೆ ಅವರು ಯಾರೂ ಕಣ್ಣಾರೆ ಬಟ್ಟಲು ನೋಡಿರಲಿಲ್ಲ. ಗಂಡಸರು ನೋಡಿದ್ದರು, ಅವರು ಓಕುಳಿ ಕಲಸಿರಲಿಲ್ಲ.

ಭಟ್ಟಿಗೆ ನೀರು ಬೀಳಲಿಲ್ಲ. ಗೌಡ ತನ್ನ ಬಾಯಿಂದಲೇ ತೀರ್ಪು ಹಿಂದಕ್ಕೆ ತೆಗೆದುಕೊಂಡ. ಬೇರೆ ದಾರಿ ಇರಲಿಲ್ಲ, ಇಲ್ಲದಿದ್ದರೆ ಅವನೂ ಗಂಟು ಕಟ್ಟಬೇಕಿತ್ತು. ಯಮನಪ್ಪ ಮಾತ್ರ ಬಟ್ಟಲನ್ನೇ ನೋಡುತ್ತ ಕೂತಿದ್ದನಂತೆ. ಹಂಗಾರ ನಾನು ಕದ್ದಿಲ್ಲೇನಕ್ಕ ಅಂತ ಕೇಳಿದನಂತೆ. ಇಲ್ಲೋ ಹುಚ್ಚ ಅಂದು ಅವಳು ಅವನ ತಲೆಗೊಂದು ಕೊಟ್ಟಳಂತೆ.

ದೇವಿಯ ಕಣ್ಣು? ನಿಂಗಯ್ಯ ಹುಣಸೆಹಣ್ಣು ಹಚ್ಚಿ ದೇವಿಯ ಮುಖ ತಿಕ್ಕುವ ಭರದಲ್ಲಿ ಅರಗು ಸಡಿಲಾಗಿ, ಹಳೆಯ ಹೂವಿನ ಜೊತೆ ತಿಪ್ಪೆ ಸೇರಿದ್ದವು. ಮುಂದೆ ಯಾರೋ ಹೊಲಕ್ಕೆ ಗೊಬ್ಬರ ಹರಡುವಾಗ ಮಣ್ಣೊಳಗಿಂದ ಅವರನ್ನೇ ನೋಡುತ್ತಿದ್ದವು ಅಂತಾರೆ.

ಆದರೆ ಅವತ್ತು ಕಟ್ಟೆ ಇಳಿದ ಫಕೀರವ್ವ ಮನೆಗೆ ಹೋಗಲಿಲ್ಲ. ಉಳಿದ ಅರ್ಧ ಹೋಳು ಅವಳ ಮುಷ್ಟಿಯಲ್ಲೇ ಇತ್ತು. ಹಳ್ಳ ದಾಟಿದಳು. ಅಪ್ಪನ ಗೋರಿಯ ಮೇಲೆ ಅದನ್ನು ಹಿಂಡಿದಳು. ಹುಡುಕೋದು ಬಿಡಪ್ಪ, ನೀನು ಕದ್ದಿಲ್ಲ ಅಂದಳು ಅಂತಾರೆ. ಅದನ್ನು ಕೇಳಿದವರು ಯಾರು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಈಗಲೂ ಆ ಊರಿನಲ್ಲಿ ನ್ಯಾಯಕ್ಕೆ ಕೂತರೆ ಮೊದಲು ಹುಳಿ ಮಜ್ಜಿಗೆಯ ತಂಬಿಗೆ ಬರುತ್ತದೆ. ಹೇಳುವವರೂ ಕೇಳುವವರೂ ಕೈ ತೊಳೆಯುತ್ತಾರೆ, ಗೌಡರ ಮನೆಯವರು ಮೊದಲು. ಕಟ್ಟೆಯ ಮೇಲೆ ಹೆಂಗಸೊಬ್ಬಳು ಕೂರದೆ ಮಾತು ಶುರುವಾಗುವುದಿಲ್ಲ. ತೀರ್ಪಾದ ಮೇಲೆ ಅವಳು ನಿಂಬೆಹಣ್ಣು ಕೊಯ್ದು ಒಂದು ಹೋಳನ್ನು ಗೆದ್ದವನಿಗೆ ಕೊಡುತ್ತಾಳೆ. ಇನ್ನೊಂದನ್ನು ಅಲ್ಲಿ ಯಾರೂ ಕೇಳುವುದಿಲ್ಲ, ಮುಟ್ಟುವುದೂ ಇಲ್ಲ. ಅದು ಹಳ್ಳದಾಚೆ ಹೋಗುತ್ತದೆ.