ಬೆನ್ನಿಗೂ ಕಿಂಡಿಯಿದ್ದ ಕಿವಿ

"ಗುರುಗಳೇ, ಧ್ಯಾನಕ್ಕೆ ಕೂತರೆ ಬೆನ್ನ ಹಿಂದೆ ಜನ ಆಡಿಕೊಳ್ಳುವುದೇ ಕೇಳುತ್ತದೆ. ಕಿವಿಯನ್ನು ಎಷ್ಟು ಭದ್ರವಾಗಿ ಮುಚ್ಚಿಕೊಳ್ಳಬೇಕು?" ಎಂದು ಶಿಷ್ಯ ರೇವಣ ಕೇಳಿದ.

ಗುರುಗಳಿಗೆ ಕತೆ ಹೇಳಲು ಇಷ್ಟು ನೆಪ ಸಾಕಾಗಿತ್ತು.

ಒಂದೂರಿನಲ್ಲಿ ಒಬ್ಬ ಯಂತ್ರಕುಶಲಿ ಇದ್ದ. ಅವನ ಹೆಂಡತಿ ನೇಕಾರಳು. ವಿದ್ಯುತ್ ಮಗ್ಗಗಳ ಸದ್ದಿಗೆ ಅವಳ ಕಿವಿ ಮಂದವಾಯಿತು. ಮೊದಲು ಜೊತೆಯ ಹೆಂಗಸರ ಹರಟೆ ತಪ್ಪಿತು, ಆಮೇಲೆ ಗಂಡನ ಮಾತೂ ತಪ್ಪಿತು. ಕೇಳದವಳು ಆಡುವುದನ್ನೂ ಬಿಡುತ್ತ ಬಂದಳು. ಜಗಳವೂ ಇಲ್ಲದ ಮನೆ ಅವನಿಗೆ ಮಸಣವೆನಿಸಿತು.

ಬಾಗಿಸಿದರೆ ಸಾಕು, ತನ್ನೊಳಗಿಂದಲೇ ವಿದ್ಯುತ್ ಹುಟ್ಟಿಸುವ ಹರಳುಗಳುಂಟು. ಅಂಥ ಹರಳಿನ ಲೇಪವನ್ನು ತೆಳ್ಳನೆಯದೊಂದು ಲೋಹದ ಎಲೆಗೆ ಕೊಟ್ಟು, ಎಳ್ಳುಕಾಳಿನಷ್ಟು ಮೈಕು ಮಾಡಿ, ಅವಳ ಕಿವಿಯ ಯಂತ್ರದಲ್ಲಿ ಕೂರಿಸಿದ. ಸದ್ದು ತಾಗಿದರೆ ಎಲೆ ಬಾಗುತ್ತಿತ್ತು, ಹರಳು ಮಿಡಿಯುತ್ತಿತ್ತು.

ಅದನ್ನು ತೊಟ್ಟು ಮಗ್ಗದ ಶೆಡ್ಡಿಗೆ ಹೋದವಳು ಮರುಗಳಿಗೆಯೇ ಕಿತ್ತಿಟ್ಟಳು. "ಮಗ್ಗ ಇಷ್ಟು ದಿನ ಶೆಡ್ಡಿನಲ್ಲಿತ್ತು. ನೀನು ತಂದು ನನ್ನ ತಲೆಯೊಳಗೆ ಹೂಡಿದೆ, ಮಾರಾಯ."

ಅವನು ಮೈಕಿನ ಬೆನ್ನನ್ನು ಮೇಣದಿಂದ ಮುಚ್ಚಿದ. ಮೇಲೆ ಹಿತ್ತಾಳೆ ತಗಡು ಹೊದಿಸಿದ. ಮಗ್ಗದ ಸದ್ದು ಸುತ್ತಿಬಳಸಿ ಮೈಕಿನ ಮುಂಬಾಗಿಲಿಂದಲೇ ಒಳಗೆ ಬಂತು.

ಒಂದು ದಿನ ಹೆಂಡತಿ ಮಗ್ಗಕ್ಕೆ ಹಾಸಿನ ಉದ್ದೆಳೆಗಳನ್ನು ಬಿಗಿಯುವುದನ್ನು ನೋಡುತ್ತ ನಿಂತ. ಎರಡು ತುದಿಯಿಂದಲೂ ಸಮನಾಗಿ ಜಗ್ಗಿದ ದಾರ ಅತ್ತ ಹೋಗದೆ ಇತ್ತ ಬಾರದೆ ನಿಂತಿತ್ತು. ಮನೆಗೆ ಹೋದವನೇ ಮೇಣ ಕೆರೆದ. ಮೈಕಿನ ಬೆನ್ನಿಗೊಂದು ಕಿಂಡಿ ಕೊರೆದು, ಸದ್ದು ಅದರಲ್ಲಿ ತುಸು ತಡವಾಗಿ ಹಾಯುವಂತೆ ಮಾಡಿದ. ಈಗ ಹಿಂದಿನ ಸದ್ದು ಕಿಂಡಿಯಿಂದಲೂ ಮುಂಬಾಗಿಲಿಂದಲೂ ಬಂದು ಎಲೆಯ ಎರಡು ಮೈಗೂ ಒಟ್ಟಿಗೇ ತಾಗಿತು. ಎರಡು ನೂಕೂ ಸಮ, ಎಲೆ ಅಲುಗಲಿಲ್ಲ. ಎದುರಿನ ಮಾತು ಮುಂದಿನ ಮೈಗೆ ಮೊದಲು ತಾಗಿತು, ಎಲೆ ಬಾಗಿತು.

ಮಗ್ಗಗಳಿಗೆ ಬೆನ್ನು ಮಾಡಿ ಅವಳನ್ನು ನಿಲ್ಲಿಸಿ, ತಾನು ಎದುರು ನಿಂತು ಗೊಣಗಿದ: "ಇಂಥ ಮೊಂಡಿ ಊರಲ್ಲೇ ಇಲ್ಲ."

"ಮೊಂಡಿಯಲ್ಲದಿದ್ದರೆ ನಿನ್ನ ಜೊತೆ ಬಾಳುವೆ ಮಾಡಲಾಗುತ್ತಿತ್ತೇ?" ಎಂದಳು.

ಬೈಸಿಕೊಂಡವನು ಅಂದು ಬೀದಿಯಲ್ಲಿ ಮದುಮಗನ ಹಾಗೆ ಎದೆಯುಬ್ಬಿಸಿ ನಡೆದ. ಕಂಡಕಂಡವರನ್ನು ನಿಲ್ಲಿಸಿ, "ನನ್ನ ಹೆಂಡತಿ ನನಗೆ ಎದುರು ಮಾತಾಡಿದಳು" ಎಂದು ಹೇಳಿಕೊಂಡ.

ರೇವಣ ನಕ್ಕ. "ಹಾಗಾದರೆ ಆಡಿಕೊಳ್ಳುವವರಿಗೂ ಒಂದು ಕಿಂಡಿ ತೆರೆದಿಡಲೇ, ಗುರುಗಳೇ?"

"ತೆರೆದಿಡು, ಆದರೆ ಕಿಂಡಿ ಅಡಗಿಸುವುದು ಬೆನ್ನ ಹಿಂದಿನ ಸದ್ದನ್ನಷ್ಟೇ. ಇಷ್ಟು ದಿನ ಧ್ಯಾನಕ್ಕೆ ಕೂತಾಗ ನೀನು ಮುಖ ಮಾಡಿದ್ದು ಯಾರ ಕಡೆಗೆ?" ಎಂದರು ಗುರುಗಳು.