ಅಕ್ಕಾ, ಹೇಗೆ ಸರಿಹೋಯಿತು?

ಶಿಷ್ಯ ಕೇಳಿದ. "ಗುರುಗಳೇ, ಉಪಕಾರ ಮಾಡಿದವರು ಮಾತಿಗೇ ಸಿಗದಿದ್ದರೆ ಋಣ ತೀರಿಸುವುದು ಹೇಗೆ?"

ಏನಾಯಿತು ಎಂದು ಗುರುಗಳು ವಿಚಾರಿಸಿದರು. ಶಿಷ್ಯ ಹೇಳಿದ. ಅವನ ಊರಿನ ಅಂಧ ಮಕ್ಕಳ ಶಾಲೆಗೆ ಯಾರೋ ಒಂದು ಹಳೆಯ ಬ್ರೈಲ್ ಪ್ರಿಂಟರ್ ಕೊಟ್ಟಿದ್ದರು. ಶಾಲೆಯ ಕಂಪ್ಯೂಟರನ್ನು ನಡೆಸುತ್ತಿದ್ದ ತಂತ್ರಾಂಶ ಲಿನಕ್ಸ್. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು, ಅಂಥದ್ದು. ಪ್ರಿಂಟರ್ ಅದರೊಂದಿಗೆ ಹೊಂದಲಿಲ್ಲ. ಲಿನಕ್ಸ್ ಬಳಸುವವರು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ತಾಣವೊಂದು ಅಂತರ್ಜಾಲದಲ್ಲಿದೆ. ಅಲ್ಲಿ ಕಮಲಾಕ್ಷಿ ಎಂಬ ಹೆಂಗಸು ಬರೆದದ್ದನ್ನು ಓದಿ ಹಾಗೆಯೇ ಮಾಡಿದ. ತನ್ನದು ಬೇರೆ ಮಾದರಿಯಾದ್ದರಿಂದ ಒಂದು ಕಡೆ ಬದಲಿಸಿದ. ಪ್ರಿಂಟರ್ ನಡೆಯಿತು. ಆಕೆಗೆ ಧನ್ಯವಾದ ಬರೆದು ಮೂರು ತಿಂಗಳಾಯಿತು. ಉತ್ತರವಿಲ್ಲ.

ಗುರುಗಳು ಪುಸ್ತಕವೊಂದನ್ನು ಹೊಲಿಯುತ್ತಿದ್ದರು. ಸೂಜಿ ನಿಲ್ಲಿಸದೆ ಈ ಕತೆ ಹೇಳಿದರು.

"ರೀ, ಹೇಗೆ ಅಂತ ಬರೆಯೋದೇ ಮರೆತುಬಿಟ್ಟೆ." ಪುಸ್ತಕ ಕಟ್ಟುವ ಒಬ್ಬ ಬೈಂಡರನ ಹೆಂಡತಿ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಏನನ್ನು ಎಂದು ಅವನು ಕೇಳಿದ. ಅವಳು ಹೇಳಲಿಲ್ಲ. ಉಪ್ಪಿನಕಾಯಿ ಹಾಕುವುದನ್ನೋ, ಯಾರಿಗಾದರೂ ಕಾಗದವನ್ನೋ ಎಂದು ಅವನು ಎಷ್ಟೋ ದಿನ ಯೋಚಿಸಿದ.

ಹೆಂಡತಿ ಅಂಧ ಮಕ್ಕಳ ಪಾಠಗಳನ್ನು ಬೆರಳಿನಿಂದ ಓದುವ ಉಬ್ಬಿದ ಬ್ರೈಲ್ ಚುಕ್ಕಿಯಲ್ಲಿ ಅಚ್ಚು ಮಾಡುತ್ತಿದ್ದಳು. ಗಂಡ ಆ ಹಾಳೆಗಳನ್ನು ಹೊಲಿದು ರಟ್ಟು ಕಟ್ಟುತ್ತಿದ್ದ. ಬೇರೆ ಪುಸ್ತಕಗಳನ್ನು ಅಂಟು ಹಚ್ಚಿ ಭಾರದ ಕೆಳಗೆ ಇಡಬೇಕು. ಚುಕ್ಕಿಯ ಪುಸ್ತಕವನ್ನು ಇಡಬಾರದು. ಚುಕ್ಕಿ ಕೂತುಹೋಗುತ್ತದೆ. ಮೊದಮೊದಲು ಅವನು ಒಂದು ಪುಸ್ತಕವನ್ನು ಹಾಗೆ ಒತ್ತಿ ಹಾಳುಮಾಡಿದ್ದ. ಅವಳು ಬೈಯಲಿಲ್ಲ. ಮತ್ತೆ ಅಚ್ಚು ಮಾಡಿಕೊಟ್ಟಳು. ಅವನಿಗೆ ಗೊತ್ತಿದ್ದದ್ದು ಸೂಜಿ, ದಾರ, ಅಂಟು. ಕಂಪ್ಯೂಟರನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ, ಅಷ್ಟೆ.

ಅವಳು ತೀರಿಕೊಂಡ ಒಂದು ತಿಂಗಳಿಗೆ ಕಂಪ್ಯೂಟರಿನ ಡಿಸ್ಕ್ ಕೆಟ್ಟಿತು. ರಿಪೇರಿಯವನು ಬೇರೆ ಡಿಸ್ಕ್ ಹಾಕಿ, ಲಿನಕ್ಸನ್ನು ಹೊಸದಾಗಿ ಕೂಡಿಸಿದ. ಅವಳು ಮಾಡಿಟ್ಟಿದ್ದದ್ದೆಲ್ಲ ಹೋಯಿತು. ಪ್ರಿಂಟರ್ ಸುಮ್ಮನೆ ಕೂತಿತು. ಇಂಥ ಪ್ರಿಂಟರನ್ನು ತಾನು ಕಂಡೇ ಇಲ್ಲ, ಇಲ್ಲಿ ಕೇಳಿ ನೋಡಿ ಎಂದು ರಿಪೇರಿಯವನು ಆ ತಾಣವನ್ನು ತೆರೆದುಕೊಟ್ಟು ಹೋದ. ಶಾಲೆಯ ಪರೀಕ್ಷೆಗೆ ಹತ್ತು ದಿನವಿತ್ತು. ಹನ್ನೊಂದು ಮಕ್ಕಳಿಗೆ ಸಮಾಜದ ಪಾಠ ಇನ್ನೂ ಅಚ್ಚಾಗಿರಲಿಲ್ಲ.

ಬೈಂಡರ್ ಪ್ರಿಂಟರಿನ ಹೆಸರು ಒತ್ತಿ ಹುಡುಕಿದ. ನಾಲ್ಕು ವರ್ಷದ ಹಿಂದಿನ ಪ್ರಶ್ನೆಯೊಂದು ಸಿಕ್ಕಿತು. ಅದೇ ಪ್ರಿಂಟರ್, ಅದೇ ತೊಂದರೆ. ಕೇಳಿದವಳು ಕಮಲಾಕ್ಷಿ. ಅವನ ಹೆಂಡತಿ. ಹಲವರು ಏನೇನೋ ಸೂಚಿಸಿದ್ದರು. ಕೊನೆಗೆ ಅವಳದೇ ಒಂದು ಸಾಲು. ಸರಿಹೋಯಿತು, ಎಲ್ಲರಿಗೂ ಧನ್ಯವಾದ. ಹೇಗೆ ಎಂಬುದು ಇರಲಿಲ್ಲ. ಅದರ ಕೆಳಗೆ ಮೂವರು ಬೇರೆ ಬೇರೆ ವರ್ಷ ಬಂದು ಕೇಳಿದ್ದರು. ಅಕ್ಕಾ, ಹೇಗೆ ಸರಿಹೋಯಿತು? ಮೂರನೆಯವನು ಕೇಳಿದ್ದು ಅವಳು ಹಾಸಿಗೆ ಹಿಡಿದಿದ್ದ ದಿನಗಳಲ್ಲಿ. ಅವಳ ಕೊನೆಯ ಮಾತು ಯಾವುದರ ಬಗ್ಗೆ ಎಂದು ಬೈಂಡರನಿಗೆ ಆಗ ತಿಳಿಯಿತು.

ತಾಣದ ಪಾಸ್‌ವರ್ಡನ್ನು ಅವಳು ತನ್ನ ನೋಟ್‌ಬುಕ್ಕಿನ ರಟ್ಟಿನ ಒಳಬದಿಗೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು. ಆ ರಟ್ಟು ಕಟ್ಟಿದವನು ಅವನೇ. ಅವಳ ಹೆಸರಿನಲ್ಲೇ ಒಳಗೆ ಹೋಗಿ, ಪ್ರಿಂಟರ್ ಮತ್ತೆ ನಿಂತಿದೆ ಎಂದು ಬರೆದ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬಾತ ಉತ್ತರಿಸಿದ.

"ಏನಕ್ಕಾ, ನಾಲ್ಕು ವರ್ಷದ ಹಿಂದೆ ನೀವೇ ಸರಿಮಾಡಿಕೊಂಡಿರಲ್ಲ. ಮರೆತುಬಿಟ್ಟಿರಾ?"

ಬೈಂಡರ್ ಒಂದೊಂದೇ ಅಕ್ಷರ ಒತ್ತಿದ.

"ಹೌದಪ್ಪ. ಮರೆತೆ."

ಆತ ಮತ್ತೆ ಹಾಸ್ಯ ಮಾಡಲಿಲ್ಲ. ಒಂದೊಂದನ್ನೇ ನೋಡಿಸುತ್ತ ಬಂದ. ಕೇಬಲ್ ಸರಿಯಿತ್ತು. ಪ್ರಿಂಟರ್ ಬಂದು ಸೇರಿದ್ದು ಕಂಪ್ಯೂಟರಿಗೆ ಗೊತ್ತಾಗುತ್ತಿತ್ತು. ಆದರೆ ಕೇಬಲ್ ಚುಚ್ಚುವ ಆ ಜಾಗವನ್ನು ಯಾರು ಬಳಸಬಹುದು ಎಂಬುದಕ್ಕೆ ಲಿನಕ್ಸಿನಲ್ಲಿ ಒಂದು ಪಟ್ಟಿ ಇರುತ್ತದೆ. ಹಳೆಯ ಪಟ್ಟಿಯಲ್ಲಿ ಹೆಂಡತಿಯ ಹೆಸರಿತ್ತು. ಹೊಸದರಲ್ಲಿ ಬೈಂಡರನ ಹೆಸರಿರಲಿಲ್ಲ. ಸೇರಿಸಿದ. ಪ್ರಿಂಟರ್ ಕಟಕಟ ಎಂದಿತು.

ಆ ಹಾಳೆಯನ್ನು ಶಾಲೆಗೆ ಒಯ್ದ. ಅಲ್ಲಿನ ಮೇಷ್ಟ್ರಿಗೂ ಕಣ್ಣು ಕಾಣುತ್ತಿರಲಿಲ್ಲ. ಅವರು ಬೆರಳಾಡಿಸಿ, "ಏನ್ರೀ ಬೈಂಡರಣ್ಣ, ಇದರಲ್ಲಿ ಯಾರನ್ನು ಬೈದಿದ್ದೀರಿ?" ಎಂದರು. ಒಂದು ಪದವೂ ಕೂಡಿರಲಿಲ್ಲ. ಕಂಪ್ಯೂಟರ್ ಕಳಿಸುವ ವೇಗ ಒಂದು, ಪ್ರಿಂಟರ್ ತೆಗೆದುಕೊಳ್ಳುವ ವೇಗ ಇನ್ನೊಂದು. ಅದನ್ನು ಹೊಂದಿಸಲು ಆ ದೂರದ ಮನುಷ್ಯ ಮತ್ತೆ ಎರಡು ದಿನ ಜೊತೆಗಿದ್ದ. ಎಲ್ಲಿಯವನೋ, ಯಾರೋ. ಬೈಂಡರ್ ಅವನ ಮುಖ ಕಂಡವನಲ್ಲ.

ಆರನೆಯ ದಿನ ಮೇಷ್ಟ್ರು ಒಂದು ಹಾಳೆಯನ್ನು ತುದಿಯವರೆಗೆ ಓದಿದರು. ಬೈಂಡರನ ಕೈ ಹುಡುಕಿ ಹಿಡಿದುಕೊಂಡರು. ಪಾಠ ಅಚ್ಚಾಗಿ, ಹೊಲಿದು, ಮಕ್ಕಳ ಕೈ ಸೇರಿದ್ದು ಪರೀಕ್ಷೆಗೆ ಎರಡು ದಿನ ಮೊದಲು.

ಅಂದು ಸಂಜೆ ಬೈಂಡರ್ ತಾಣ ತೆರೆದು, ಸರಿಹೋಯಿತು, ಧನ್ಯವಾದ ಎಂದು ಒತ್ತಿದ. ಕಳಿಸುವ ಮುನ್ನ ಮೇಲೆ ನೋಡಿದ. ಅವಳು ಬರೆದದ್ದೂ ಅದೇ ಮಾತು. ಅಳಿಸಿದ.

ಮರುದಿನ ಬೆಳಿಗ್ಗೆ ಅವನು ಅಂಟು ಕಾಯಿಸಲಿಲ್ಲ. ಕಂಪ್ಯೂಟರಿನ ಮುಂದೆ ಕೂತ. ಯಾವ ಪ್ರಿಂಟರ್, ಯಾವ ಕೇಬಲ್, ಪಟ್ಟಿಗೆ ಹೆಸರು ಸೇರಿಸುವುದು ಹೇಗೆ, ವೇಗ ಎಷ್ಟು, ವೇಗ ತಪ್ಪಿದರೆ ಏನಾಗುತ್ತದೆ, ಎಲ್ಲ ಬರೆದ. ಕಾಗುಣಿತ ತಪ್ಪಿತು. ತಿದ್ದಿದ. ಚುಕ್ಕಿಯ ಪುಸ್ತಕವನ್ನು ಭಾರದ ಕೆಳಗೆ ಇಡಬೇಡಿ ಎಂದು, ಯಾರೂ ಕೇಳದಿದ್ದರೂ ಸೇರಿಸಿದ. ನೆರವಾದವನ ಹೆಸರು ಹಾಕಿದ. ಹೇಗೆ ಎಂದು ಕೇಳಿದ್ದ ಮೂವರಿಗೂ, ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದ. ಕೊನೆಯಲ್ಲಿ ಕಮಲಾಕ್ಷಿ ಎಂದು ಬರೆದು ಕಳಿಸಿದ. ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಕತೆ ಅಲ್ಲಿಗೆ ನಿಂತಿತು. ಹಾಗಾದರೆ ತನ್ನ ಧನ್ಯವಾದ ಆಕೆಗೆ ಮುಟ್ಟಲೇ ಇಲ್ಲವೇ ಎಂದು ಶಿಷ್ಯ ಮೆಲ್ಲಗೆ ಕೇಳಿದ.

ಗುರುಗಳು ದಾರ ಕತ್ತರಿಸಿದರು. ಹೊಲಿದ ಪುಸ್ತಕವನ್ನು ಭಾರದ ಕೆಳಗೆ ಇಡದೆ ಪಕ್ಕಕ್ಕೆ ಇಟ್ಟರು.

"ನೀನು ಒಂದು ಕಡೆ ಬದಲಿಸಿದೆ ಎಂದೆಯಲ್ಲ, ಅದನ್ನು ಎಲ್ಲಿ ಬರೆದಿದ್ದೀಯಪ್ಪ?"